ಅಪ್ಪನಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳು: ಮಾತು, ಓದು ಎರಡನ್ನೂ ಮನೆಯಲ್ಲಿ ಅಭ್ಯಾಸ ಮಾಡಿಸೋದು ಹೇಗೆ?

ತೋಟದಮನೆ:

ನಾವು ಸಾಗರ ಕಡೆಯವರು. ಅಪ್ಪನಿಗೆ 63, ಅಡಿಕೆ ತೋಟ, ಬಲಗೈ ರೂಢಿ. ಡಿಸ್ಚಾರ್ಜ್ ಚೀಟಿಯಲ್ಲಿ ಎಡಗಡೆ ಎಂಸಿಎ ಇನ್‌ಫಾರ್ಕ್ಟ್, ಬ್ರೋಕಾಸ್ ಅಫೇಸಿಯಾ ಅಂತ ಬರೆದಿದ್ದಾರೆ. ಅಂದ್ರೆ ಎಡ ಮಿದುಳಿನ ರಕ್ತನಾಳ ಕಟ್ಟಿ ಪೆಟ್ಟಾಗಿದೆ, ಅರ್ಥ ಆದ್ರೂ ಮಾತು ಹೊರಡಲ್ಲ. ಕೋಲು ಹಿಡಿದು ನಡೀತಾರೆ, ಬಲಗೈ ಇನ್ನೂ ಏಳ್ತಿಲ್ಲ.

ಮಾತು: ಬಿಡಿ ಪದಗಳು ಮಾತ್ರ. "ನೀರು", "ಅಡಿಕೆ", "ಅದು... ಅದು". ಹೌದು ಅನ್ನೋಕೂ ಅಲ್ಲ ಅನ್ನೋಕೂ "ಹೌದು" ಅಂತಲೇ ಬರುತ್ತೆ. ಒಂದರಿಂದ ಹತ್ತು ಎಣಿಸ್ತಾರೆ, ವಾರದ ಹೆಸರು ಹೇಳ್ತಾರೆ, ಸಿಟ್ಟು ಬಂದ್ರೆ ಬೈಗುಳ ಸಲೀಸು. ನಾವು ಹೇಳಿದ್ದು ಎಲ್ಲಾ ಅರ್ಥ ಆಗುತ್ತೆ ಅನ್ನಿಸುತ್ತೆ.

ಓದು: ಸಾಗರ, ಶಿವಮೊಗ್ಗ, ತಮ್ಮ ಹೆಸರು, ಮೊಮ್ಮಗಳ ಹೆಸರು ಕಂಡ ಕೂಡಲೇ ಹೇಳ್ತಾರೆ. ಹೊಸ ಪದ ಕೊಟ್ಟರೆ ಆಗಲ್ಲ. "ತೋಟದಲ್ಲಿ" ಅಂತ ಬರೆದಿದ್ರೆ "ತೋಟ" ಅಂತಾರೆ. ಪೇಪರ್ ಹಿಡಿದರೆ ಸಾಲು ತಪ್ಪುತ್ತೆ.

ವಾರಕ್ಕೊಂದು ದಿನ 45 ನಿಮಿಷ ಸ್ಪೀಚ್ ಥೆರಪಿ. ಮನೇಲಿ ನಾಲಿಗೆ ಆಚೆ ಈಚೆ ಆಡಿಸೋ ವ್ಯಾಯಾಮ, ಜೊತೆಗೆ ಒಂದನೇ ಕ್ಲಾಸಿನ ಪುಸ್ತಕದಿಂದ ಅ ಆ ಇ ಈ. ಆ ಪುಸ್ತಕ ಕಂಡರೆ ಮುಖ ತಿರುಗಿಸ್ತಾರೆ. ನೆಂಟರು ಬಜೆ ತೇಯ್ದು ನಾಲಿಗೆಗೆ ಹಚ್ಚಿ ಅಂತ ಜೀವ ತಿಂತಿದ್ದಾರೆ.

ಮೊದಲು ಮಾತೋ ಓದೋ? ದಿನಕ್ಕೆ ಎಷ್ಟು ಹೊತ್ತು? ನಾಲ್ಕು ತಿಂಗಳಾಯ್ತು, ತಡ ಆಗಿಬಿಡ್ತಾ?

---

ನುಡಿಗಂಟು (ಸ್ಪೀಚ್ ಥೆರಪಿ):

ತಡ ಆಗಿಲ್ಲ. ಮೊದಲ ಮೂರು ತಿಂಗಳು ಮಿದುಳು ತಾನಾಗಿಯೇ ಚೇತರಿಸಿಕೊಳ್ಳುವ ಕಾಲ, ಆಗ ಸುಧಾರಣೆ ಎದ್ದು ಕಾಣುತ್ತದೆ. ಆಮೇಲೆ ವೇಗ ತಗ್ಗುತ್ತದೆಯೇ ಹೊರತು ನಿಲ್ಲುವುದಿಲ್ಲ. 2017ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಸ್ಟ್ರೋಕ್ ಆಗಿ ಆರು ತಿಂಗಳಾದರೂ ಕಳೆದಿದ್ದವರನ್ನೇ ತೆಗೆದುಕೊಂಡಿದ್ದರು. ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ಥೆರಪಿ ಕೊಟ್ಟಾಗ ದಿನಬಳಕೆಯ ಮಾತು ಸುಧಾರಿಸಿತು. ಥೆರಪಿಗೆ ಕಾಯುತ್ತಿದ್ದ ಗುಂಪಿನಲ್ಲಿ ಹಾಗಾಗಲಿಲ್ಲ. ವಾರಕ್ಕೆ 45 ನಿಮಿಷ ಎಲ್ಲಿ, 10 ಗಂಟೆ ಎಲ್ಲಿ! ಆ ಅಂತರ ತುಂಬುವುದು ಮನೆಯವರ ಕೈಯಲ್ಲೇ ಇದೆ. ಆದರೆ ಒಂದೇ ಸಮ ಕೂರಿಸಬೇಡಿ. 15-20 ನಿಮಿಷದ ಕಂತುಗಳು, ದಿನಕ್ಕೆ ನಾಲ್ಕೈದು, ಕಷ್ಟದ್ದೆಲ್ಲ ಬೆಳಗಿನ ಹೊತ್ತು. ಸ್ಟ್ರೋಕ್ ಆದ ಮಿದುಳು ಬೇಗ ದಣಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಂದ ಪದ ಸಂಜೆ ಆರಕ್ಕೆ ಬರದಿದ್ದರೆ ಅದು ಮರೆವಲ್ಲ, ಆಯಾಸ.

ನಾಲಿಗೆ ವ್ಯಾಯಾಮದ ಬಗ್ಗೆ ನಿಮ್ಮ ಥೆರಪಿಸ್ಟ್ ಹತ್ತಿರ ನೇರವಾಗಿ ಕೇಳಿ: ಅದು ಯಾವ ತೊಂದರೆಗೆ ಕೊಟ್ಟಿದ್ದು? ಏಕೆಂದರೆ ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದೇ ಹಾಗೆ ಕಾಣುತ್ತವೆ. ಬಾಯಿ-ನಾಲಿಗೆಯ ಸ್ನಾಯು ಸೋತು ಮಾತು ತೊದಲುವುದು ಡಿಸಾರ್ಥ್ರಿಯಾ. ಸ್ನಾಯು ಸರಿ ಇದ್ದೂ ನಾಲಿಗೆಯನ್ನು ಎಲ್ಲಿಡಬೇಕು ಎಂಬ ಯೋಜನೆ ತಪ್ಪುವುದು ಮಾತಿನ ಅಪ್ರಾಕ್ಸಿಯಾ. ಪದವೇ ಸಿಗದಿರುವುದು, ವಾಕ್ಯ ಕಟ್ಟಲಾಗದಿರುವುದು ಅಫೇಸಿಯಾ. ಮನೆಯಲ್ಲೇ ಹೀಗೆ ನೋಡಿ. "ಚಪಾತಿ" ಪದವನ್ನು ಐದು ಸಲ ಹೇಳಿಸಿ. ಐದೂ ಸಲ ಒಂದೇ ರೀತಿ ತೊದಲಿದರೆ ಸ್ನಾಯುವಿನ ಕಡೆ ಅನುಮಾನ. ಒಮ್ಮೆ "ಪಚಾತಿ", ಒಮ್ಮೆ "ಚತಾಪಿ", ನಡುವೆ ಬಾಯಿ ತಡಕಾಡಿದರೆ ಅಪ್ರಾಕ್ಸಿಯಾದ ಅನುಮಾನ. ನೀವು ಹೇಳಿದಾಗ ಚೆನ್ನಾಗಿ ಮರುನುಡಿದು, ಚಪಾತಿಯನ್ನೇ ತೋರಿಸಿದಾಗ ಹೆಸರು ಬಾರದಿದ್ದರೆ ಅಫೇಸಿಯಾ. ಬ್ರೋಕಾಸ್ ಇರುವವರಲ್ಲಿ ಕೊನೆಯ ಎರಡೂ ಜೊತೆಯಲ್ಲೇ ಇರುವುದು ಸಾಮಾನ್ಯ. ಸ್ನಾಯು ಗಟ್ಟಿಯಿದ್ದರೆ ನಾಲಿಗೆ ಆಡಿಸುವುದರಿಂದ ಪದ ಹುಟ್ಟುವುದಿಲ್ಲ, ಆ ಹತ್ತು ನಿಮಿಷ ವ್ಯರ್ಥ.

"ಎಲ್ಲಾ ಅರ್ಥ ಆಗುತ್ತೆ" ಎನ್ನುವುದನ್ನೂ ಒಮ್ಮೆ ಪರೀಕ್ಷಿಸಿ. ತಟ್ಟೆ ಹಿಡಿದು "ಊಟ ಮಾಡ್ತೀರಾ" ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಕೈಸನ್ನೆ, ಕಣ್ಣಿನ ನೋಟ ಯಾವುದೂ ಇಲ್ಲದೆ ಹತ್ತು ಪ್ರಶ್ನೆ ಕೇಳಿ: "ಅಡಿಕೆ ಕಲ್ಲಿಗಿಂತ ಗಟ್ಟಿಯಾ?", "ಭತ್ತ ಬಿತ್ತೋದು ಕೊಯ್ಲಿಗಿಂತ ಮುಂಚೆನಾ?" ಈ ಥರದವು. ಐದು ಹೌದು, ಐದು ಅಲ್ಲ ಇರಲಿ. ಹತ್ತರಲ್ಲಿ ಐದೋ ಆರೋ ಸರಿಯಾದರೆ ಅದು ಬರೀ ಊಹೆ. ಎಂಟರ ಮೇಲೆ ಬಂದರೆ ಪರವಾಗಿಲ್ಲ.

ಉತ್ತರ ಹೇಳುವುದಕ್ಕೆ ಬಾಯಿಯನ್ನು ನಂಬಬೇಡಿ, "ಹೌದು" ಅಂಟಿಕೊಂಡಿದೆ. ತಲೆಯನ್ನೂ ನಂಬಬೇಡಿ, ನಮ್ಮವರು ತಲೆಯಾಡಿಸಿದರೆ ಎರಡು ಕಣ್ಣಿದ್ದವರಿಗೂ ಹೌದೋ ಅಲ್ಲವೋ ತಿಳಿಯುವುದಿಲ್ಲ. ಎರಡು ದಪ್ಪ ಕಾರ್ಡು ಮಾಡಿ, ಒಂದರಲ್ಲಿ ಸರಿ ಗುರುತು, ಇನ್ನೊಂದರಲ್ಲಿ ತಪ್ಪು ಗುರುತು, ಒಂದರ ಕೆಳಗೊಂದು ಇಡಿ, ಎಡಗೈಯಲ್ಲಿ ಮುಟ್ಟಲಿ. ಮೊದಲು ನಿಲ್ಲಬೇಕಾದ್ದು ಇದು. ಹೌದು-ಅಲ್ಲ ಗಟ್ಟಿಯಾದರೆ ಮನೆಯ ಅರ್ಧ ಜಗಳ ಕಡಿಮೆ.

ಮಾತಿಗೆ ಎರಡು ಕೆಲಸ ಸಾಕು, ಹತ್ತು ಬೇಡ.

ಒಂದು, ಹೆಸರು ಹೇಳಿಸುವುದು. 12 ಪದ ಆರಿಸಿ, ಎಲ್ಲವೂ ಅವರಿಗೆ ದಿನಾ ಬೇಕಾದವು: ಕನ್ನಡಕ, ಕೋಲು, ಚೊಂಬು, ಕತ್ತಿ, ಹಾಳೆ, ದೋಟಿ. ಹುಲಿ, ಜಿರಾಫೆ, ವಿಮಾನದ ಚಾರ್ಟ್ ಗೋಡೆಯಿಂದ ಕಿತ್ತು ಹಾಕಿ. ವಸ್ತು ಎದುರಿಗಿಟ್ಟು ಹತ್ತು ಸೆಕೆಂಡು ಸುಮ್ಮನಿರಿ. ಮನಸ್ಸಿನಲ್ಲಿ ನಿಜವಾಗಿ ಎಣಿಸಿ. ಬಹಳ ಜನ ಮೂರಕ್ಕೇ ಬಾಯಿ ಹಾಕುತ್ತಾರೆ. ಬರಲಿಲ್ಲವೇ? "ಯಾವುದಕ್ಕೆ ಬೇಕು ಇದು, ಮಾಡಿ ತೋರಿಸಿ" ಎನ್ನಿ. ಆಮೇಲೆ ಅರ್ಧ ವಾಕ್ಯ: "ಕೊನೆ ಕೀಳೋಕೆ ಉದ್ದದ..." ಆಮೇಲೆ ಮೊದಲ ಅಕ್ಷರ: "ದೋ..." ಅದಕ್ಕೂ ಬಾರದಿದ್ದರೆ ಬರೆದು ತೋರಿಸಿ, ಕೊನೆಗೆ ನೀವೇ ಹೇಳಿ ಅವರಿಂದ ಮೂರು ಸಲ ಹೇಳಿಸಿ. ಪ್ರತಿ ಪದಕ್ಕೂ ಯಾವ ಮೆಟ್ಟಿಲಲ್ಲಿ ಬಂತು ಎಂದು ನೋಟ್‌ಬುಕ್ಕಿನಲ್ಲಿ 0ಯಿಂದ 5ರವರೆಗೆ ಗುರುತು ಹಾಕಿ (ಸುಳಿವಿಲ್ಲದೆ ಬಂದರೆ 0, ನೀವೇ ಹೇಳಿಕೊಟ್ಟರೆ 5). ಸತತ ಮೂರು ದಿನ ಯಾವ ಸುಳಿವೂ ಇಲ್ಲದೆ ಬಂದ ಪದವನ್ನು ಆಚೆಗಿಟ್ಟು ಹೊಸದು ಸೇರಿಸಿ, ಆಚೆಗಿಟ್ಟದ್ದನ್ನು ವಾರಕ್ಕೊಮ್ಮೆ ಕೇಳಿ.

ಎರಡು, ರಾಗದ ದಾರಿ. ಅರ್ಥ ಆಗುತ್ತೆ, ಮಾತು ಹೊರಡಲ್ಲ ಎನ್ನುವವರಿಗೆ ಹೇಳಿ ಮಾಡಿಸಿದ ಪದ್ಧತಿ ಇದು. 1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರೂಪಿಸಿದ್ದು. ಹಾಡು ಹೇಳಿಸುವುದಲ್ಲ, ಅಲ್ಲೇ ಎಲ್ಲರೂ ಎಡವುವುದು. ಹಾಡು ಬಂದರೆ ಹಾಡೇ ಬರುತ್ತದೆ, "ನೀರು ಬೇಕು" ಬರುವುದಿಲ್ಲ. ಬೇಕಾದ ಮಾತನ್ನೇ ಎರಡು ಸ್ವರದಲ್ಲಿ ಎಳೆಯಬೇಕು. ಕನ್ನಡದಲ್ಲಿ ದೀರ್ಘಕ್ಕೆ ಮೇಲಿನ ಸ್ವರ, ಹ್ರಸ್ವಕ್ಕೆ ಕೆಳಗಿನದು ಕೊಟ್ಟರೆ ಸಹಜವಾಗಿ ಕೂರುತ್ತದೆ: "ನೀ-ರು ಬೇ-ಕು", ನೀ ಮತ್ತು ಬೇ ಮೇಲೆ. ಅವರ ಎಡಗೈ ಹಿಡಿದು ಅಕ್ಷರಕ್ಕೊಂದು ತಟ್ಟು ಮೇಜಿನ ಮೇಲೆ. ಮೊದಲು ನೀವು ಗುನುಗಿ, ಆಮೇಲೆ ಇಬ್ಬರೂ ಒಟ್ಟಿಗೆ, ಆಮೇಲೆ ಅರ್ಧದಲ್ಲಿ ನೀವು ದನಿ ಇಳಿಸಿ ಅವರು ಮುಗಿಸಲಿ, ಆಮೇಲೆ ನಿಮ್ಮ ಹಿಂದೆ ಅವರೊಬ್ಬರೇ, ಕೊನೆಗೆ "ಏನು ಬೇಕು?" ಎಂಬ ಪ್ರಶ್ನೆಗೆ ಉತ್ತರವಾಗಿ. ಒಂದು ಮೆಟ್ಟಿಲು ತಪ್ಪಿದರೆ ಹಿಂದಿನದಕ್ಕೆ ಇಳಿಯಿರಿ. ವಾರಕ್ಕೆ ಐದಾರು ಮಾತು ಸಾಕು: ಸಾಕು, ಬೇಡ, ಕಾಫಿ ಕೊಡು, ಊಟ ಆಯ್ತು, ನೋವಿದೆ. ನಾಲ್ಕೈದು ವಾರದಲ್ಲಿ ರಾಗ ಕಳಚಿ ಮಾತಿನ ಲಯಕ್ಕೆ ತರಬೇಕು. ಇಲ್ಲದಿದ್ದರೆ ರಾಗ ಎಳೆಯುವ ಚಾಳಿ ಉಳಿಯುತ್ತದೆ.

ಒಂದೇ ಪದ ಅಂಟಿಕೊಂಡರೆ (ಕತ್ತಿ ತೋರಿಸಿದರೂ "ಚೊಂಬು") ತಿದ್ದಬೇಡಿ. ತಿದ್ದಿದಷ್ಟೂ ಗಟ್ಟಿಯಾಗಿ ಅಂಟುತ್ತದೆ. ವಸ್ತುವನ್ನು ಬಟ್ಟೆಯಿಂದ ಮುಚ್ಚಿ, ಹತ್ತು-ಹದಿನೈದು ಸೆಕೆಂಡು ಮೌನ, ಬೇರೆ ಗುಂಪಿನ ಪದಕ್ಕೆ ಹೋಗಿ.

---

ಒತ್ತಕ್ಷರ:

ಓದಿನ ಬಗ್ಗೆ ನಾನು ಬರೀತೀನಿ. ಮೊದಲು ಮಾತೋ ಓದೋ ಅಂತ ಕೇಳಿದ್ರಿ. ಎರಡೂ ಒಟ್ಟಿಗೆ. ಓದು ಮಾತನ್ನು ಎಳೆದು ತರುತ್ತೆ.

ಒಂದನೇ ಕ್ಲಾಸಿನ ಪುಸ್ತಕ ಇವತ್ತೇ ಮುಚ್ಚಿಡಿ. ಅವಮಾನ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಮಗು ಓದು ಕಲಿಯೋ ದಾರಿ ಬೇರೆ, ಓದು ಕಳೆದುಕೊಂಡವರ ದಾರಿ ಬೇರೆ. ಓದೋಕೆ ಎರಡು ದಾರಿ ಇವೆ ಅಂದುಕೊಳ್ಳಿ. ಪದದ ಆಕಾರವನ್ನೇ ಇಡಿಯಾಗಿ ಹಿಡಿಯೋದು ಒಂದು, ಅಕ್ಷರ ಅಕ್ಷರ ಕೂಡಿಸೋದು ಇನ್ನೊಂದು. "ಸಾಗರ" ಥಟ್ಟನೆ ಬರುತ್ತೆ, ಹೊಸ ಪದ ಬರಲ್ಲ ಅಂದ್ರೆ ಮೊದಲನೇ ದಾರಿ ತೆರೆದಿದೆ, ಎರಡನೇದರಲ್ಲಿ ಗಿಡ ಬೆಳೆದಿದೆ. ಬಿಡಿ ಅಕ್ಷರದಿಂದ ಶುರು ಮಾಡೋದು ಅಂದ್ರೆ ಮುಚ್ಚಿದ ದಾರಿಯಲ್ಲೇ ನಡೆಸೋದು. ತೆರೆದ ದಾರಿಯಿಂದ ಹೊರಡಿ, ಅಲ್ಲಿಂದ ಇನ್ನೊಂದಕ್ಕೆ ದಾಟಿ.

ಅದಕ್ಕೂ ಮುಂಚೆ ಕಣ್ಣು ನೋಡಿ. ಎಡ ಮಿದುಳಿಗೆ ಪೆಟ್ಟಾದರೆ ಎರಡೂ ಕಣ್ಣಿನ ಬಲ ಅರ್ಧ ಕಾಣದೇ ಹೋಗಬಹುದು. ಎದುರಿಗೆ ಕೂತು ನಿಮ್ಮ ಮೂಗು ನೋಡೋಕೆ ಹೇಳಿ, ಅವರ ಬಲಗಡೆಯಿಂದ ಬೆರಳಾಡಿಸ್ತಾ ಒಳಗೆ ತನ್ನಿ, ಕಂಡ ಕೂಡಲೇ ಎಡಗೈಯಿಂದ ತೋರಿಸಲಿ. ಎಡಕ್ಕೂ ಹಾಗೇ ಮಾಡಿ ಹೋಲಿಸಿ. ಸಂಶಯ ಬಂದರೆ ಕಣ್ಣಾಸ್ಪತ್ರೆಯಲ್ಲಿ ಫೀಲ್ಡ್ ಟೆಸ್ಟ್ (ಸುತ್ತ ಎಷ್ಟಗಲ ಕಾಣುತ್ತೆ ಅನ್ನೋ ಪರೀಕ್ಷೆ) ಮಾಡಿಸಿ. ಕನ್ನಡಕದ ಪವರ್ ಬದಲಿಸಿದರೆ ಇದು ಸರಿಹೋಗಲ್ಲ. ಕನ್ನಡಕ್ಕೆ ಇದು ಬಹಳ ಮುಖ್ಯ ಯಾಕಂದ್ರೆ ನಮ್ಮ ಭಾಷೆಯ ಜೀವ ಪದದ ಬಲತುದಿಯಲ್ಲಿದೆ. "ತೋಟದಲ್ಲಿ, ತೋಟದಿಂದ, ತೋಟಕ್ಕೆ", "ಬರುತ್ತೇನೆ, ಬರುತ್ತಾರೆ", ಎಲ್ಲ ವ್ಯತ್ಯಾಸವೂ ಬಾಲದಲ್ಲಿ. ಬಲ ಅರ್ಧ ಕಾಣದವರಿಗೂ ಬಾಲ ಹೋಗುತ್ತೆ, ಬ್ರೋಕಾಸ್ ಇರುವವರಿಗೂ ಬಾಲ ಹೋಗುತ್ತೆ. ಯಾವುದರಿಂದ ಅಂತ ತಿಳಿಯೋಕೆ ಪೇಪರ್ ಪಕ್ಕಕ್ಕಿಟ್ಟು "ತೋಟದಲ್ಲಿ" ಅಂತ ಬಾಯಲ್ಲಿ ಹೇಳಿ, ಮರುನುಡಿಸಿ. ಕೇಳಿ ಹೇಳುವಾಗಲೂ "ತೋಟ" ಅಂದ್ರೆ ಭಾಷೆಯ ತೊಂದರೆ. ಕೇಳಿ ಹೇಳುವಾಗ ಪೂರ್ತಿ ಬಂದು ಓದುವಾಗ ಮಾತ್ರ ಕತ್ತರಿಸಿದ್ರೆ ಕಣ್ಣಿನ ಕಡೆ ನೋಡಿ. ಎರಡೂ ಸೇರಿರಬಹುದು.

ಕಣ್ಣಿಗೆ ಪರಿಹಾರ ಸರಳ. ಪ್ರತಿ ಸಾಲಿನ ಬಲತುದಿಯಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ಉದ್ದ ಗೆರೆ ಎಳೀರಿ. ಕಣ್ಣು ಆ ಗೆರೆ ಮುಟ್ಟಿದ ಮೇಲೇ ಮುಂದಿನ ಸಾಲು. ಒಂದು ಸಾಲು ಮಾತ್ರ ಕಾಣೋ ಹಾಗೆ ಕಿಟಕಿ ಕತ್ತರಿಸಿದ ರಟ್ಟು ಇಟ್ಟುಕೊಳ್ಳಿ, ಮದುವೆ ಕಾರ್ಡಿನ ರಟ್ಟು ಸರಿಯಾಗುತ್ತೆ. ಎಡಗೈ ತೋರುಬೆರಳು ಪದದ ಕೆಳಗೆ ಜಾರಲಿ. ಅಕ್ಷರ ದೊಡ್ಡದಿರಲಿ, ಪ್ರಿಂಟ್ ಹಾಕಿಸುವುದಾದ್ರೆ 26-28 ಪಾಯಿಂಟ್, ಸಾಲಿನ ನಡುವೆ ಎರಡರಷ್ಟು ಜಾಗ.

ಇನ್ನು ಓದಿಸೋ ಕ್ರಮ. ಜೊತೆಗೂಡಿ ಗಟ್ಟಿಯಾಗಿ ಓದೋ ಪದ್ಧತಿ, ಅಫೇಸಿಯಾದಲ್ಲಿ ಬಹಳ ಬಳಕೆಯಲ್ಲಿರೋದು. ಕನ್ನಡಕ್ಕೆ ಹೊಂದಿಸಿದರೆ ಹೀಗೆ:

1. ಎರಡು-ಮೂರು ಪದದ ವಾಕ್ಯ. "ಮಳೆ ಬಂತು." "ಅಡಿಕೆ ಒಣಗಿದೆ." ಇಂಗ್ಲಿಷ್ ವಾಕ್ಯಕ್ಕೆ ಐದು ಪದ ಅಂತ ಹೇಳ್ತಾರೆ. ನಮ್ಮಲ್ಲಿ ಒಂದೇ ಪದಕ್ಕೆ ಆರೇಳು ಅಕ್ಷರ ಆಗೋದರಿಂದ ಅಕ್ಷರ ಎಣಿಸಿ, ಹತ್ತರ ಒಳಗೆ ಇರಲಿ.
2. ನೀವು ಬೆರಳಿಟ್ಟು ಎರಡು ಸಲ ಓದಿ. ಅವರು ನೋಡಲಿ, ಕೇಳಲಿ ಅಷ್ಟೇ.
3. ಇಬ್ಬರೂ ಒಟ್ಟಿಗೆ, ಅವರ ಬೆರಳಿನ ಮೇಲೆ ನಿಮ್ಮ ಬೆರಳು, ಮೂರು ಸಲ. ಅವರ ವೇಗಕ್ಕೆ ನೀವು ಇಳೀಬೇಕು.
4. "ಇದರಲ್ಲಿ 'ಒಣಗಿದೆ' ಎಲ್ಲಿದೆ?" ಅಂತ ಕೇಳಿ, ತೋರಿಸಲಿ.
5. ನೀವು ಒಂದು ಪದ ಮುಟ್ಟಿ, ಅವರು ಓದಲಿ.
6. ಮತ್ತೆ ಇಡೀ ವಾಕ್ಯ ಒಟ್ಟಿಗೆ, ನೀವು ನಡುನಡುವೆ ದನಿ ಇಳಿಸುತ್ತಾ.

ಒಂದು ಸಲ ಕೂತರೆ ನಾಲ್ಕು ವಾಕ್ಯ. ನಾಲ್ಕೂ ಸಲೀಸಾದ ಮೇಲೆ ನಾಲ್ಕೈದು ಪದದ್ದು, ಆಮೇಲೆ ಎರಡು ಸಾಲಿನದ್ದು. ತಪ್ಪಿದ್ರೆ ನಿಲ್ಲಿಸಿ ತಿದ್ದಬೇಡಿ. ನಿಮ್ಮ ದನಿ ಅವರ ಕಿವಿಗೆ ಬೀಳ್ತಾ ಇರುತ್ತಲ್ಲ, ಅದೇ ತಿದ್ದುಪಡಿ.

ಒಂದು ವಿಷಯ ಮರೀಬೇಡಿ. ಅಚ್ಚಿನಲ್ಲಿ "ಬರುತ್ತಾರೆ" ಇದ್ದು ಅವರು "ಬರ್ತಾರೆ" ಅಂದ್ರೆ ಅದು ನೂರಕ್ಕೆ ನೂರು ಸರಿ. ಅರ್ಥ ಹಿಡಿದು ಆಡುಮಾತಿಗೆ ತಿರುಗಿಸಿದ್ದಾರೆ ಅಂದ್ರೆ ಓದು ಕೆಲಸ ಮಾಡ್ತಿದೆ. ಮನೆಯಲ್ಲಿ ನೀವು ವಾಕ್ಯ ಬರೆಯೋದಾದ್ರೆ ಮೊದಲೆರಡು ತಿಂಗಳು ಆಡುಮಾತಲ್ಲೇ ಬರೀರಿ.

ಓದೋಕೆ ಏನು ಕೊಡಬೇಕು? ಅಡಿಕೆ ಧಾರಣೆ. ತಮಾಷೆಗೆ ಹೇಳ್ತಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ದರ್ಜೆಗಳು: ನಾಲ್ಕು ಪದ, ದಿನಾ ಅದೇ ಜಾಗದಲ್ಲಿ, ಪಕ್ಕದಲ್ಲಿ ಬದಲಾಗೋ ಅಂಕಿ, ನಲವತ್ತು ವರ್ಷದ ಪರಿಚಯ. ಇದಕ್ಕಿಂತ ಒಳ್ಳೆ ಪಾಠ ಪುಸ್ತಕ ಇಲ್ಲ. "ನಿನ್ನೆಗಿಂತ ಜಾಸ್ತಿನಾ ಕಮ್ಮಿನಾ" ಅಂತ ಕೇಳಿ, ಕಾರ್ಡು ಮುಟ್ಟಲಿ.

ಈಗ ಇಡಿ ಪದದಿಂದ ಅಕ್ಷರಕ್ಕೆ ದಾಟೋದು. ಅವರಿಗೆ ಗಟ್ಟಿ ಗೊತ್ತಿರೋ ಪದಗಳ ಮೊದಲ ಅಕ್ಷರವನ್ನೇ ಬೀಗದಕೈ ಮಾಡಿ: ಸಾಗರದ "ಸಾ", ಮೊಮ್ಮಗಳ ಹೆಸರಿನ ಮೊದಲ ಅಕ್ಷರ. ಅದೇ ಅಕ್ಷರದ ಹೊಸ ಪದ: ಸಾರು, ಸಾಕು, ಸಾಲ. ಎರಡನೇ ಬೀಗದಕೈ ಕಾಗುಣಿತ. ಒಂದರಿಂದ ಹತ್ತು ಎಣಿಸ್ತಾರೆ, ವಾರ ಹೇಳ್ತಾರೆ ಅಂದ್ರಲ್ಲ, ಬಾಯಿಪಾಠ ಉಳಿದಿದೆ. "ಕ ಕಾ ಕಿ ಕೀ" ಕೂಡ ಬಹುಶಃ ಉಳಿದಿರುತ್ತೆ. "ಕೆ" ಕಂಡು ತೋಚದಿದ್ರೆ ಕಾಗುಣಿತದ ಪಟ್ಟಿಯಲ್ಲಿ ಬೆರಳಿಟ್ಟು "ಕ ಕಾ ಕಿ ಕೀ ಕು ಕೂ ಕೃ ಕೆ" ಅಂತ ಹೇಳ್ತಾ ಬಂದು ಅಲ್ಲಿ ನಿಲ್ಲಲಿ. ಪಟ್ಟಿಯನ್ನು ಪಾಠದ ಹಾಗೆ ಮಾಡಿಸಬೇಡಿ, ಹುಡುಕೋ ಸಾಧನ ಮಾಡಿ. ಬೆರಳಿಂದ ಅಕ್ಷರದ ಮೇಲೆ ತಿದ್ದೋದೂ ಸಹಾಯ ಮಾಡುತ್ತೆ, ಕೈಯ ನೆನಪು ಕಣ್ಣಿಗೆ ಹೇಳಿಕೊಡುತ್ತೆ. ತಟ್ಟೇಲಿ ಅಕ್ಕಿ ಹರಡಿ ಬರೆಸೋದು ಬೇಡ, ಅಕ್ಷರಾಭ್ಯಾಸದ ನೆನಪಾಗಿ ಮತ್ತೆ ಮುನಿಸು. ಮೇಜಿನ ಮೇಲೆ ಬೆರಳಲ್ಲಿ ಬರೆದರೆ ಸಾಕು.

ಒತ್ತಕ್ಷರ ಕೊನೆಗೆ. ಅದರಲ್ಲೂ ಕ್ರಮ ಇದೆ. ಕ್ಕ, ಟ್ಟ, ಪ್ಪ, ಡ್ಡ ಮೊದಲು, ಯಾಕಂದ್ರೆ ಒತ್ತು ಮೂಲ ಅಕ್ಷರದ್ದೇ ಆಕಾರ, ತಲೆಕಟ್ಟಿಲ್ಲ ಅಷ್ಟೇ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಮೂಲದ ಆಕಾರವೇ ಇಲ್ಲ, ಇವು ಆಮೇಲೆ. ನಮ್ಮ ಗ್ರಹಚಾರಕ್ಕೆ ಕನ್ನಡದಲ್ಲಿ ಹೆಚ್ಚು ಬರೋದು ಇವೇ: ಇಲ್ಲ, ಅಮ್ಮ, ಅನ್ನ, ಹತ್ತು. ಹಾಗಾಗಿ ಈ ಪದಗಳನ್ನು ಇಡಿಯಾಗಿಯೇ ಕಲಿಸಿ, ಬಿಡಿಸೋಕೆ ಹೋಗಬೇಡಿ. ಅರ್ಕಾವೊತ್ತು ಎಲ್ಲಕ್ಕಿಂತ ಕಡೆಗೆ. ಸೂರ್ಯ, ಕಾರ್ಯ ಅಂತ ಬರೆಯುವಾಗ ರ್ ಮೊದಲು ಉಚ್ಚಾರ ಆಗಿ ಗುರುತು ಆಮೇಲೆ ಕೂರುತ್ತೆ. ಕಣ್ಣು ಒಂದು ಕ್ರಮ, ಬಾಯಿ ಇನ್ನೊಂದು ಕ್ರಮ. ಗಟ್ಟಿ ಇರೋರೂ ಇಲ್ಲಿ ಮುಗ್ಗರಿಸ್ತಾರೆ. ಒಂದೇ ಥರ ಕಾಣೋ ಅಕ್ಷರಗಳನ್ನು (ದ-ಧ-ಥ, ವ-ಮ, ಪ-ಷ, ನ-ಸ) ಒಂದೇ ದಿನ ಕೊಡಬೇಡಿ.

---

ಕರಿಮೆಣಸು (ನರ್ಸಿಂಗ್):

ಬಜೆ ಬೇಡ. ತೊಂದರೆ ನಾಲಿಗೆಯಲ್ಲಿಲ್ಲ, ನಾಲಿಗೆಗೆ ಹಚ್ಚಿ ಏನು ಪ್ರಯೋಜನ? ಜೊತೆಗೆ ಸ್ಟ್ರೋಕ್ ಆದವರಿಗೆ ನುಂಗುವ ಶಕ್ತಿ ಕಡಿಮೆಯಾಗಿದ್ದರೆ ಬಾಯಲ್ಲಿ ಊರಿದ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೀರು ಕುಡಿಯುವಾಗ ಕೆಮ್ಮು, ಕುಡಿದ ಮೇಲೆ ದನಿ ಗೊರಗೊರ ಎನ್ನುವುದು ಇದ್ದರೆ ಮಾತಿನ ಅಭ್ಯಾಸಕ್ಕೂ ಮೊದಲು ಅದನ್ನು ತೋರಿಸಿ. ಪಾರಿವಾಳದ ರಕ್ತ ಸವರುವುದು ಅಂತ ಇನ್ನೊಬ್ಬರು ಬಂದೇ ಬರುತ್ತಾರೆ, ಅದಕ್ಕೂ ಇದೇ ಉತ್ತರ. ನೆಂಟರ ಬಾಯಿ ಮುಚ್ಚಿಸುವುದು ಕಷ್ಟ ಎಂದರೆ "ಡಾಕ್ಟರು ಬೇಡ ಅಂದಿದ್ದಾರೆ" ಎನ್ನಿ, ಸುಳ್ಳೇನಲ್ಲ.

ಬಿಪಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನವೂ ತಪ್ಪಬಾರದು. ಇದ್ದಕ್ಕಿದ್ದಂತೆ ಇದ್ದ ಮಾತೂ ಹೋದರೆ, ಮುಖ ಸೊಟ್ಟಗಾದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಅಳು ಹೆಚ್ಚಾಗಿ, ಅಭ್ಯಾಸಕ್ಕೆ ಕೂರಲು ಒಲ್ಲೆ ಎನ್ನುತ್ತಿದ್ದರೆ ಹಟ ಎಂದುಕೊಳ್ಳಬೇಡಿ. ಸ್ಟ್ರೋಕ್ ಆದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಇದೆ.

---

ತೋಟದಮನೆ:

ಎಲ್ಲರಿಗೂ ಥ್ಯಾಂಕ್ಸ್. ನೋಡಿದ್ವಿ. "ಚಪಾತಿ" ಐದು ಸಲದಲ್ಲಿ ನಾಲ್ಕು ಥರ ಬಂತು. ಹೌದು-ಅಲ್ಲ ಕಾರ್ಡಲ್ಲಿ ಹತ್ತಕ್ಕೆ ಎಂಟು ಸರಿ. ಬೆರಳು ಎರಡೂ ಕಡೆ ಕಾಣುತ್ತೆ. ಕೇಳಿ ಹೇಳುವಾಗಲೂ "ತೋಟದಲ್ಲಿ" ಅನ್ನೋದು "ತೋಟ" ಆಗುತ್ತೆ. ಇನ್ನೊಂದು ವಿಚಿತ್ರ, ಮಾತ್ರೆ ಪಟ್ಟಿಯ ಮೇಲಿನ ಇಂಗ್ಲಿಷ್ ಹೆಸರು ಒಂದೆರಡು ಗುರುತಿಸ್ತಾರೆ, ಅವರು ಓದಿದ್ದು ಪಿಯುಸಿವರೆಗೆ. ಇಂಗ್ಲಿಷ್ ಕಡೆ ಹೋಗೋದಾ? ಕ್ರಿಯಾಪದ ಒಂದೂ ಬರ್ತಿಲ್ಲ, ಅದಕ್ಕೇನು ಮಾಡೋದು?

---

ನುಡಿಗಂಟು:

ಹಾಗಾದರೆ ಅಫೇಸಿಯಾ ಜೊತೆಗೆ ಮಾತಿನ ಅಪ್ರಾಕ್ಸಿಯಾ ಇರುವ ಸಾಧ್ಯತೆ ಹೆಚ್ಚು. ಥೆರಪಿಸ್ಟ್‌ಗೆ ಈ ನಾಲ್ಕೂ ಫಲಿತಾಂಶ ಬರೆದು ತೋರಿಸಿ. ಅಪ್ರಾಕ್ಸಿಯಾಕ್ಕೆ ನೀವು ಎದುರಿಗೆ ಕೂತು ನಿಮ್ಮ ತುಟಿ ನೋಡಿ ಹೇಳುವ ಅಭ್ಯಾಸ ಬೇಕು, ಒಂದೇ ಪದ ಹತ್ತಿಪ್ಪತ್ತು ಸಲ. ಫೋನಿನಲ್ಲಿ ನಿಮ್ಮ ಬಾಯಿಯನ್ನು ಹತ್ತಿರದಿಂದ ವಿಡಿಯೋ ಮಾಡಿ, ಪದಕ್ಕೆ ಮೂರು ಸಲ, ನಡುವೆ ಐದು ಸೆಕೆಂಡು ಖಾಲಿ ಬಿಟ್ಟು. ಅವರೊಬ್ಬರೇ ಕೂತು ಮಾಡಬಹುದು.

ಭಾಷೆ: ಮನೆಮಾತು ಮೊದಲು. ಎರಡು ಭಾಷೆ ಬಲ್ಲವರಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟೊಟ್ಟಿಗೆ ಚೇತರಿಸುತ್ತವೆ, ಆದರೆ ಲಿಪಿಗಳು ಬೇರೆಯಾದಾಗ ಓದು ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಉಳಿಯಬಹುದು. ಕನ್ನಡ-ಇಂಗ್ಲಿಷ್ ಎರಡನ್ನೂ ಓದುತ್ತಿದ್ದವರ ಓದಿನ ನಷ್ಟದ ಬಗ್ಗೆ ವಾಕ್ ತಜ್ಞೆ ಪ್ರತಿಭಾ ಕಾರಂತ 1981ರಲ್ಲೇ ಬರೆದಿದ್ದಾರೆ. ಮಾತ್ರೆ ಹೆಸರು ಗುರುತಿಸುವುದು ಆಕಾರದ ಗುರುತು, "ಸಾಗರ"ದ ಹಾಗೆಯೇ. ಅದಕ್ಕಾಗಿ ಇಂಗ್ಲಿಷ್ ಪಾಠ ಶುರು ಮಾಡಬೇಡಿ. ಬಸ್, ಫೋನ್, ಡಾಕ್ಟರ್, ಲೋಡ್, ಬಿಲ್ ಎಲ್ಲ ಅವರ ಕನ್ನಡವೇ, ಧಾರಾಳವಾಗಿ ಬಳಸಿ.

ಕ್ರಿಯಾಪದಕ್ಕೆ ಒಂದನ್ನೇ ಹಿಡಿದು ಅಗೆಯುವ ವಿಧಾನವಿದೆ. "ಕೊಯ್ಯು" ತೆಗೆದುಕೊಳ್ಳಿ. ನಡುವೆ ಆ ಪದ ಬರೆದು ಎಡಕ್ಕೆ ಯಾರು, ಬಲಕ್ಕೆ ಏನು. ಕೊನೆಗೌಡ (ಅಡಿಕೆ ಕೊನೆ ಕೀಳುವವನು)-ಅಡಿಕೆ. ಅಮ್ಮ-ಹೂವು. ಆಳು-ಭತ್ತ. ಮೂರು ಜೋಡಿ ಆದ ಮೇಲೆ ಒಂದನ್ನು ಆರಿಸಿ ಎಲ್ಲಿ, ಯಾವಾಗ, ಯಾಕೆ ಎಂದು ಕೇಳಿ. ಉತ್ತರ ಬಾರದಿದ್ದರೆ ನಾಲ್ಕು ಚೀಟಿ ಬರೆದಿಡಿ, ಎರಡು ಸರಿ, ಎರಡು ತಪ್ಪು ("ಬೆಕ್ಕು" ಕೊಯ್ಯುವುದಿಲ್ಲ), ಆರಿಸಲಿ. ಕೊನೆಗೆ ಮೂರನ್ನೂ ಗಟ್ಟಿಯಾಗಿ ಓದಿಸಿ. ರೂಪ ಒಂದೇ ಇಟ್ಟುಕೊಳ್ಳಿ. "ಕೊಯ್ದ, ಕೊಯ್ತಾರೆ, ಕೊಯ್ಯಬೇಕು" ಎಂದು ಬದಲಿಸುತ್ತಾ ಹೋದರೆ ಯಾವುದೂ ನಿಲ್ಲುವುದಿಲ್ಲ. "ಬೇಕು" ಸೇರಿದ ರೂಪ ಒಳ್ಳೆಯದು, ಗಂಡು-ಹೆಣ್ಣು-ಬಹುವಚನದ ತಲೆನೋವಿಲ್ಲ: ಕೊಯ್ಯಬೇಕು, ತರಬೇಕು, ಹೋಗಬೇಕು. ವಾರಕ್ಕೆ ಮೂರು ಕ್ರಿಯಾಪದ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಕನ್ನಡದಲ್ಲೇ ವಯಸ್ಕರ ಅಫೇಸಿಯಾ ಥೆರಪಿಗೆ ಕೈಪಿಡಿ ಮಾಡಿದೆ, ನಿಮ್ಮ ಥೆರಪಿಸ್ಟ್ ಹತ್ತಿರ ಇದೆಯಾ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸ್ಪೀಚ್ ವಿಭಾಗ ಇದೆ. ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿ ಮನೆ ಅಭ್ಯಾಸದ ಪಟ್ಟಿ ಬರೆಸಿಕೊಂಡು ಬರುವುದು, ವಾರವಾರ ಓಡಾಡುವುದಕ್ಕಿಂತ ಲಾಭ.

---

ಕೈಬರಹ:

ಇಷ್ಟರ ಮೇಲೆ ಎರಡು ಮೂರು ಕೆಲಸದ ಮಾತು.

ತೋಟದವರು ಅಂದ್ರಿ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಹೊಡೆಸೋ ಮಾತು ಅವರ ಬಾಯಲ್ಲಿ ಬರೋ ಹಾಗೆ ಒಂದು ಪಾಠ ಬರೀರಿ. "ಮೈಲುತುತ್ತ 1 ಕಿಲೋ. ಸುಣ್ಣ 1 ಕಿಲೋ. ನೀರು 100 ಲೀಟರ್. ಬೇರೆ ಬೇರೆ ಕರಗಿಸಬೇಕು. ಆಮೇಲೆ ಸೇರಿಸಬೇಕು." ಐದು ಸಾಲು. ಮೊದಲ ಸಾಲು ನೋಡದೆ ಬಂದ ಮೇಲೆ ಎರಡನೇದು ಸೇರಿಸಿ, ಎರಡೂ ಕೂಡಿ ಹೇಳಿಸಿ, ಹೀಗೆ. ದಿನಕ್ಕೆ ಇಪ್ಪತ್ತು ಸಲ. ಮೂರನೇ ವಾರ ಕೆಲಸದವರು ಬಂದಾಗ ಅವರೇ ಹೇಳಲಿ, ನೀವು ಪಕ್ಕದಲ್ಲಿ ಸುಮ್ಮನಿರಿ. ವಾಟ್ಸಾಪ್ ಧ್ವನಿ ಸಂದೇಶದಲ್ಲಿ ಮಾದರಿ ಕಳಿಸೋದಾದರೆ ರೆಕಾರ್ಡ್ ಮಾಡುವಾಗಲೇ ನಿಧಾನವಾಗಿ ಹೇಳಿ. ಅಲ್ಲಿ ವೇಗ ಹೆಚ್ಚಿಸೋ ಗುಂಡಿ ಇದೆ, ತಗ್ಗಿಸೋದಿಲ್ಲ.

ಫೋನಿನ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಕನ್ನಡ ದನಿ ಹಾಕಿ ವೇಗ ಅರ್ಧಕ್ಕೆ ಇಳಿಸಿ. ಬಂದ ಮೆಸೇಜನ್ನು ಅದು ಓದುವಾಗ ಅವರು ಬೆರಳಿಟ್ಟು ನೋಡಲಿ. ಓದೋಕೆ ಬೇರೆಯವರನ್ನು ಕರೆಯೋ ಕಷ್ಟ ತಪ್ಪುತ್ತೆ.

ದುಡ್ಡು: ಅಂಕಿ ಹೇಳೋಕೆ ಬರದಿದ್ರೂ ನೋಟಿನ ಬಣ್ಣ ಹೇಳುತ್ತೆ. 200 ಹಳದಿ, 100 ನೇರಳೆ, 500 ಬೂದು. ಅಂಗಡಿಗೆ ಕಳಿಸಿ, ಎಷ್ಟು ಕೊಟ್ಟರು ಎಷ್ಟು ತಂದರು ಅಂತ ಆಮೇಲೆ ಚೀಟಿ ನೋಡಿ ಕೂಡಿಸಲಿ.

ಮಾತಾಡೋಕೆ ಬಂದವರು ಒಬ್ಬೊಬ್ಬರಾಗಿ ಎದುರಿಗೆ ಕೂರಲಿ, ಟಿವಿ ಆರಿಸಿ, ಕಿವುಡರಿಗೆ ಹೇಳಿದ ಹಾಗೆ ಕಿರುಚೋದು ಬೇಡ. ಕೈಯಲ್ಲಿ ಹಾಳೆ, ಪೆನ್ನು ಇರಲಿ: "ಯಾರ ವಿಷಯ? ಮನೆಯವರಾ? ಬ್ಯಾಂಕಾ?" ಅಂತ ಪದ ಬರೆದು ಬರೆದು ತೋರಿಸಿದ್ರೆ ಬೆರಳಿಡ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಫೇಸಿಯಾದಿಂದ ಆದ ಶಾಶ್ವತ ಮಾತು-ಭಾಷೆ ತೊಂದರೆಯೂ ಪಟ್ಟಿಯಲ್ಲಿದೆ. ಸೌಲಭ್ಯಕ್ಕೆ ಕನಿಷ್ಠ ಶೇಕಡಾ 40 ಅಂಗವೈಕಲ್ಯ ಇರಬೇಕು. ಕೈಕಾಲಿನದ್ದನ್ನು ಮಾತ್ರ ತೋರಿಸಿ ಮಾತಿನದ್ದು ಹೇಳದೇ ಬರೋರೇ ಜಾಸ್ತಿ. ಯುಡಿಐಡಿಗೆ (ಅಂಗವಿಕಲರ ಗುರುತಿನ ಕಾರ್ಡು) ಅರ್ಜಿ ಹಾಕುವಾಗ ಎರಡನ್ನೂ ಬರೆಸಿ.

ಬ್ಯಾಂಕಿನ ಸಹಿ. ಎಡಗೈಯಲ್ಲಿ ಹೊಸ ಸಹಿ ಅಭ್ಯಾಸ ಮಾಡಿಸಿ, ಚಿಕ್ಕದು, ಇನಿಷಿಯಲ್ ಮತ್ತು ಹೆಸರಿನ ಎರಡಕ್ಷರ, ದಿನಕ್ಕೆ ಹತ್ತು ಸಲ, ದಿನಾಂಕ ಹಾಕಿ ಅದೇ ಪುಸ್ತಕದಲ್ಲಿ. ಹತ್ತೂ ಒಂದೇ ಥರ ಕಾಣೋವರೆಗೂ ಬ್ಯಾಂಕಿಗೆ ಹೊಸ ಮಾದರಿ ಕೊಡಬೇಡಿ, ಪ್ರತಿ ಸಲ ತಾಳೆ ಆಗದೆ ವಾಪಸ್ ಬರುತ್ತೆ. ಅಲ್ಲಿವರೆಗೆ ಹೆಬ್ಬೆಟ್ಟು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ.